ತೌಡು ಕೊಟ್ಟು ತಂದ ಮಗಳು ಇಂಗ್ಲೆಂಡಿಗೆ ಹೋದದ್ದು

ಹೊರಡುವ ಮೊದಲು, ಯಳಂದೂರು

ನಮ್ಮ ಯಳಂದೂರಿನಲ್ಲಿ ಯಾರಾದರೂ ಇಂಗ್ಲೆಂಡಿಗೆ ಹೋಗುತ್ತೇನೆ ಅಂದರೆ ಜನ ಮೊದಲು ಕೇಳುವುದು, "ಅಲ್ಲಿ ಯಾರವ್ರೆ ನಿಮ್ಗೆ?" ಎಂದು. ನನಗೆ ಅಲ್ಲಿ ಯಾರೂ ಇಲ್ಲ. ನಿವೃತ್ತ ಶಿಕ್ಷಕರ ಪ್ರವಾಸ, ಲಂಡನ್ ನೋಡಿಕೊಂಡು ಬರುತ್ತೇನೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾನು ಹೊರಟಿದ್ದು ಮಾರ್ಗರೆಟ್ ಎಂಬ, ಎಂಬತ್ತು ದಾಟಿದ ಒಬ್ಬ ನರ್ಸಮ್ಮನನ್ನು ಕಂಡು ಒಂದು ಮಾತು ಕೇಳುವುದಕ್ಕೆ. ನಾನು ನನ್ನ ಅವ್ವನ ಹೊಟ್ಟೆಯಲ್ಲಿ ಹುಟ್ಟಿದವಳು ಹೌದೋ ಅಲ್ಲವೋ ಎಂಬ ಮಾತು.

ಅವ್ವನ ಹೆಸರು ಚಿಕ್ಕತಾಯಿ, ಹನೂರಿನ ಹತ್ತಿರದ ಹಳ್ಳಿಯವಳು. ನನಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಅವಳಿಗೆ ಉಳಿಯಲಿಲ್ಲ. ನಾನು ಹುಟ್ಟಿದ್ದು ಕೊಳ್ಳೇಗಾಲದ ಆಚೆ ಆಗ ಇದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ. ಅದು ಮುಚ್ಚಿ ಎಷ್ಟೋ ಕಾಲವಾಯಿತು, ಈಗ ಆ ಜಾಗದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇದೆ. ಹುಟ್ಟಿದ ಕೂಸುಗಳು ಉಳಿಯದ ಮನೆಗಳಲ್ಲಿ ನಮ್ಮ ಕಡೆ ಒಂದು ಪದ್ಧತಿ ಇತ್ತು. ಹೊಸ ಕೂಸನ್ನು ಬೇರೆ ಹೆಂಗಸಿನ ಮಡಿಲಿಗೆ ಹಾಕಿ, ಇದು ನಿನ್ನದೇ ಎಂದು ಒಪ್ಪಿಸಿಬಿಡಬೇಕು. ಆಮೇಲೆ ಒಂದಿಷ್ಟು ತೌಡು ಕೊಟ್ಟು ಅವಳಿಂದ ಕೊಂಡುಕೊಳ್ಳಬೇಕು. ತೌಡಿಗೆ ಬಂದ ಕೂಸಿನ ಮೇಲೆ ಸಾವಿಗೆ ಆಸೆ ಹುಟ್ಟುವುದಿಲ್ಲ ಎಂಬ ನಂಬಿಕೆ. ಅವ್ವ ನನ್ನನ್ನು ಕೊಂಡದ್ದು ಆ ಆಸ್ಪತ್ರೆಯ ಬಿಳಿ ನರ್ಸಮ್ಮನ ಕೈಯಿಂದ. "ಯಮಂಗೆ ಇಂಗ್ಲೀಸು ಬರ್ನಿಲ್ಲ, ಅದ್ಕೇ ನೀ ಉಳ್ಕಂಡೆ" ಎಂದು ನಗುತ್ತಿದ್ದಳು. ಶಾಲೆಯಲ್ಲಿ ನನ್ನ ಹೆಸರು ಮಾದೇವಮ್ಮ. ಅವ್ವನ ಬಾಯಲ್ಲಿ ಮಾತ್ರ ಕೊನೆಯವರೆಗೂ ತೌಡಿ.

ಹೋದ ವರ್ಷ ಅವ್ವ ತೀರಿಕೊಂಡಳು. ಬಂದವರಿಗೆ ನೀರು, ಶಾಮಿಯಾನ, ಕುರ್ಚಿ ಎಂದು ಓಡಾಡುತ್ತಿದ್ದ ನನಗೆ ಅಳುವೇ ಬರಲಿಲ್ಲ. ಅವ್ವನ ತಂಗಿ, ನನ್ನ ಚಿಕ್ಕವ್ವ, ಅದನ್ನು ನೋಡಿ ನೋಡಿ ಕೊನೆಗೆ ಎಲ್ಲರ ಎದುರು ಅಂದುಬಿಟ್ಟಳು: "ಒಟ್ಟೇಲಿ ಉಟ್ಟಿದ್ರೆ ಇಂಗ್ ನಿಂತ್ಕತಿದ್ಲಾ? ನಮ್ಮಕ್ಕನ್ ಕೂಸು ಆಸ್ಪತ್ರೇಲೇ ಸತ್ತೋಯ್ತು, ಯಾರ್ದೋ ಕೂಸ ತೌಡ್ ಕೊಟ್ಟು ತಂದು ಸಾಕುದ್ಲು ಅಂತ ಜನ ಆವತ್ತೇ ಆಡ್ಕತಿದ್ರು ಕಣ್ರಿ."

ದುಃಖದಲ್ಲಿ ಬಂದ ಮಾತು ಎಂದು ಎಲ್ಲರೂ ಸಮಾಧಾನ ಮಾಡಿದರು. ನನಗೆ ಸಮಾಧಾನವಾಗಲಿಲ್ಲ. ಈಗಿನ ಕಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಬಹುದಂತೆ. ಚಿಕ್ಕವ್ವನ ಮುಂದೆ ಹೋಗಿ, ನಿನ್ನ ರಕ್ತ ಕೊಡು, ನಾನು ನಿನ್ನ ಅಕ್ಕನ ಮಗಳೇ ಎಂದು ನೋಡಿಸುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಆಸ್ಪತ್ರೆಯ ಆಯಾ ರಾಚಮ್ಮನ ಮಗಳು ಕೊಳ್ಳೇಗಾಲದಲ್ಲೇ ಇದ್ದಾಳೆ. ಅವಳಿಗೆ ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮಾರ್ಗರೆಟಮ್ಮನ ಶುಭಾಶಯ ಬರುತ್ತದೆ ಎಂದು ತಿಳಿದ ದಿನವೇ ನಾನು ಪಾಸ್‌ಪೋರ್ಟಿಗೆ ಓಡಾಡಲು ಶುರು ಮಾಡಿದೆ.

ಲಂಡನ್

ವಿಮಾನ ಇಳಿದು ಬೆಲ್ಟಿನ ಮುಂದೆ ನಿಂತರೆ ಎಲ್ಲರ ಪೆಟ್ಟಿಗೆಯೂ ಬಂತು, ನನ್ನದು ಬರಲಿಲ್ಲ. ಅದರಲ್ಲಿ ಮಾರ್ಗರೆಟಮ್ಮನಿಗೆಂದು ತಂದಿದ್ದ ಮಾದಪ್ಪನ ಬೆಟ್ಟದ ಲಾಡು ಇತ್ತು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ನಿಮ್ಮ ಪೆಟ್ಟಿಗೆ ಮುಂದಿನ ವಿಮಾನದಲ್ಲಿ "ಆಲ್ಮೋಸ್ಟ್ ಸರ್ಟನ್ಲಿ" ಬರುತ್ತದೆ ಎಂದಳು.

"ಸರ್ಟನ್ಲಿ ಬರುತ್ತದೋ, ಆಲ್ಮೋಸ್ಟ್ ಬರುತ್ತದೋ?" ಎಂದು ಕೇಳಿದೆ. ಅವಳು ಚೆಂದವಾಗಿ ನಕ್ಕು ಮತ್ತೆ ಅದನ್ನೇ ಹೇಳಿದಳು.

ಇಷ್ಟು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಿದವಳು ನಾನು. ಈ ಎರಡು ಪದಗಳನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಆದರೆ ನನ್ನದೇ ಪೆಟ್ಟಿಗೆ ಅವುಗಳ ನಡುವೆ ಸಿಕ್ಕಿಕೊಂಡಾಗ ಗೊತ್ತಾಯಿತು, ಮೊದಲನೆಯದು ಎಷ್ಟು ಹೊಟ್ಟೆ ಉರಿಸುವ ಪದ ಎಂದು. ನಮ್ಮ ಕಡೆಯವರಾಗಿದ್ದರೆ, "ಬಂದೇ ಬತ್ತದೆ ಓಗಿ ಅಮ್ಮ, ಯಾಕ್ ತಲೆ ಕೆಡಿಸ್ಕತೀರಿ" ಎನ್ನುತ್ತಿದ್ದರು. ಪೆಟ್ಟಿಗೆ ಬರಲಿ ಬಿಡಲಿ, ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಈ ಹುಡುಗಿ ಒಂದು ಚೂರು ಅನುಮಾನವನ್ನು ಕೈಗೆ ಕೊಟ್ಟು ಕಳಿಸಿದಳು. ಪೆಟ್ಟಿಗೆ ಮಾರನೆಯ ದಿನ ಹೋಟೆಲಿಗೇ ಬಂತು, ಲಾಡು ಒಂದೂ ಒಡೆದಿರಲಿಲ್ಲ.

ಯಾರ್ಕ್ ಸ್ಟೇಷನ್

ನಮ್ಮ ತಂಡದವರು ಅರಮನೆ, ಗಡಿಯಾರದ ಗೋಪುರ ಎಂದು ಹೊರಟಾಗ ನಾನು ಮೂರು ದಿನಕ್ಕೆ ಅವರಿಂದ ಬಿಡಿಸಿಕೊಂಡು ಉತ್ತರದ ರೈಲು ಹತ್ತಿದೆ. ಮಾರ್ಗರೆಟಮ್ಮ ಇರುವುದು ಸ್ಕಾರ್ಬರೋ ಎಂಬ ಕಡಲೂರಿನಲ್ಲಿ. ಯಾರ್ಕಿನಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕು.

ಪ್ಲಾಟ್‌ಫಾರಂನಲ್ಲಿ ಒಂದು ರೈಲು ಬಾಗಿಲು ತೆರೆದುಕೊಂಡು ನಿಂತಿತ್ತು. ಸಮವಸ್ತ್ರ ಹಾಕಿದ್ದ ಒಬ್ಬ ಗಡ್ಡದವನನ್ನು, ಇದು ಸ್ಕಾರ್ಬರೋಗೆ ಹೋಗುತ್ತದೆಯೇ ಎಂದು ಕೇಳಿದೆ. "ಶುಡ್ ಡೂ" ಎಂದ. ಹೋಗಬೇಕು, ಅಷ್ಟೇ. ಹನೂರು ಬಸ್‌ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸಿಗೆ ಕಾದವರನ್ನು ಕೇಳಿ ನೋಡಿ. "ಬಸ್ ಬತ್ತದಾ ಸಾ?" ಎಂದರೆ, ಕಂಟ್ರೋಲರು ಕತ್ತು ಕೂಡ ಎತ್ತದೆ "ಬರ್ಬೇಕು" ಎಂದನೋ, ಹೆಂಗಸರು ಗಂಟುಮೂಟೆ ಇಳಿಸಿ ಎಲೆ ಅಡಿಕೆ ಚೀಲ ಬಿಚ್ಚುತ್ತಾರೆ. ಬರಬೇಕು ಎಂದರೆ ಬರುವುದಿಲ್ಲ ಎಂದೇ. ಹಾಗಾಗಿ ನಾನೂ ಆ ರೈಲು ಹತ್ತದೆ, ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತೆ. ರೈಲು ನನ್ನ ಕಣ್ಣೆದುರೇ ಹೊರಟುಹೋಯಿತು, ಸ್ಕಾರ್ಬರೋಗೆ.

ಗಡ್ಡದವನು ಬಂದು, "ಯಾಕಮ್ಮ ಹತ್ತಲಿಲ್ಲ, ಹೇಳಿದೆನಲ್ಲ?" ಎಂದು ಪಾಪ ತಾನೇ ನೊಂದುಕೊಂಡ. ಹೋಗುತ್ತದೆ ಎಂದು ಯಾಕೆ ಹೇಳಲಿಲ್ಲ ಎಂದೆ. ಅವನು ಸ್ವಲ್ಪ ಯೋಚಿಸಿ, ದಾರಿಯಲ್ಲಿ ಏನು ಬೇಕಾದರೂ ಆಗಬಹುದಲ್ಲ ಎಂದ. ಅವನ ಮುಖದಲ್ಲಿ ಕೊಂಕಿರಲಿಲ್ಲ. ನಮ್ಮವರು ಅರ್ಧ ಗೊತ್ತಿರುವುದಕ್ಕೂ ಪೂರ್ತಿ ಮಾತು ಕೊಡುತ್ತಾರೆ. ಇವರು ಪೂರ್ತಿ ಗೊತ್ತಿದ್ದರೂ ಮುಕ್ಕಾಲು ಮಾತು ಕೊಟ್ಟು ಉಳಿದ ಕಾಲು ಭಾಗವನ್ನು ದೇವರಿಗೆ ಬಿಡುತ್ತಾರೆ. ಯಾವುದು ಒಳ್ಳೆಯದು ಎಂದು ಹೇಳುವಷ್ಟು ನಾನು ಬುದ್ಧಿವಂತಳಲ್ಲ, ಆದರೆ ಆ ಬೆಂಚಿನ ಮೇಲೆ ಕೂತಾಗ ಹನೂರಿನ ಕಂಟ್ರೋಲರು ನೆನಪಾಗಿ ಊರಿಗೆ ವಾಪಸು ಹೋಗಬೇಕು ಎನ್ನಿಸಿದ್ದು ನಿಜ.

ಸ್ಕಾರ್ಬರೋ, ಜಾನೆಟ್ ಮನೆ

ಅಲ್ಲಿ ನಾನು ಉಳಿದದ್ದು ಜಾನೆಟ್ ಎಂಬುವರ ಮನೆಯಲ್ಲಿ. ಮಹಡಿಯ ಎರಡು ಕೋಣೆಗಳನ್ನು ಬಂದವರಿಗೆ ಬಾಡಿಗೆಗೆ ಕೊಟ್ಟು, ಬೆಳಿಗ್ಗೆ ತಿಂಡಿ ಮಾಡಿ ಹಾಕುತ್ತಾರೆ. ಮಾರ್ಗರೆಟಮ್ಮನಿಗೂ ಇವರಿಗೂ ಚರ್ಚಿನ ಪರಿಚಯ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಜಾನೆಟ್, ಹಾಗಾದರೆ ಮೊಟ್ಟೆ "ಪ್ರೆಟಿ ಮಚ್" ಓಕೆ ಅಲ್ಲವೇ ಎಂದರು. ಅಲ್ಲ ಎಂದೆ. ಮೂರು ದಿನವೂ ಬೆಂದ ಬೀನ್ಸು, ಬ್ರೆಡ್ಡು. ಒಂದು ಉಂಡೆ ರಾಗಿ ಮುದ್ದೆಗಾಗಿ ಅಲ್ಲಿ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಹೊರಗೆ ಮಳೆ. ಜಾನೆಟ್ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮಧ್ಯಾಹ್ನಕ್ಕೆ ಬಿಸಿಲು "ಬೌಂಡ್ ಟು" ಬರುತ್ತದೆ ಎಂದರು. ಬರಲಿಲ್ಲ. ಸಂಜೆಗೆ ಬರದೇ ಹೋದರೆ ನನಗೆ ಆಶ್ಚರ್ಯ ಎಂದರು. ಆಗಲೂ ಬರಲಿಲ್ಲ, ಅವರಿಗೆ ಆಶ್ಚರ್ಯವೂ ಆಗಲಿಲ್ಲ. ಮಾರ್ಗರೆಟ್ ಈಗ ಹೇಗಿದ್ದಾರೆ, ಹಳೆಯದೆಲ್ಲ ನೆನಪಿದೆಯೇ ಎಂದು ಕೇಳಿದೆ. ನೆನಪು ನನಗಿಂತ ಚೆನ್ನಾಗಿದೆ ಎಂದು ಹೇಳಿ, ತಕ್ಷಣ "ಟಚ್ ವುಡ್" ಎನ್ನುತ್ತಾ ಮರದ ಮೇಜನ್ನು ಬೆರಳಿನಿಂದ ತಟ್ಟಿದರು.

ಅದನ್ನು ನೋಡಿ ನನಗೆ ಅವ್ವ ನೆನಪಾದಳು. ನಮ್ಮ ಹಟ್ಟಿಯ ಜಗುಲಿಯಲ್ಲಿ ಯಾರಾದರೂ ಮಾತಾಡುತ್ತಿರುವಾಗ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಅವ್ವ ಹೀಗೇ ನೆಲ ತಟ್ಟಿ, "ಕೃಷ್ಣ ಕೃಷ್ಣ, ಸತ್ಯ ನೋಡು" ಎನ್ನುತ್ತಿದ್ದಳು. ಆ ರಾತ್ರಿ ಮಲಗಿದಾಗ ಕಿಟಕಿಯ ಗಾಜಿಗೆ ಸಣ್ಣ ಮಳೆ ಬೀಳುತ್ತಿತ್ತು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಕಳಚಿದ ರೇಷ್ಮೆ ಹುಳುಗಳು ಒಟ್ಟಿಗೆ ಸೊಪ್ಪು ತಿನ್ನುವಾಗ ಬರುವ ಸದ್ದು ಅದೇ. ನಾನು ಆ ಸದ್ದಿನಲ್ಲೇ ಬೆಳೆದವಳು. ಹುಳು ಎಷ್ಟೇ ಚೆನ್ನಾಗಿ ತಿನ್ನುತ್ತಿರಲಿ, ಯಾರಾದರೂ ಬಂದು "ಬೆಳೆ ಎಂಗದೆ ಚಿಕ್ಕತಾಯಿ?" ಎಂದರೆ ಅವ್ವ, "ಏನೋ, ಅವೆ" ಎನ್ನುತ್ತಿದ್ದಳು. ಗೂಡು ಕಟ್ಟಿ ಮಾರುಕಟ್ಟೆಗೆ ಹೋಗುವ ತನಕ ಅವಳ ಬಾಯಿಂದ ಚೆನ್ನಾಗಿದೆ ಎಂಬ ಮಾತು ಬರುತ್ತಿರಲಿಲ್ಲ. ಆ ಲೆಕ್ಕದಲ್ಲಿ ಅವ್ವನೂ ಇಂಗ್ಲಿಷಿನವಳೇ ಎಂದುಕೊಂಡು ಕತ್ತಲಲ್ಲಿ ಒಬ್ಬಳೇ ನಕ್ಕೆ. ಅವ್ವ ಎಂದು ಅನ್ನುವಾಗಲೇ, ಅನ್ನಬಹುದೋ ಇಲ್ಲವೋ ಎಂಬ ಮುಳ್ಳೂ ಚುಚ್ಚಿತು.

ಮಾರ್ಗರೆಟಮ್ಮನ ಮನೆ

ಬಾಗಿಲು ತೆರೆದವರು ನನ್ನ ಭುಜದಷ್ಟೂ ಎತ್ತರವಿಲ್ಲದ ಮುದುಕಿ. ಕೋಲು ಊರಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬಾ ಮಗ, ಒಳೀಕ್ ಬಾ. ಊಟ ಆಯ್ತಾ?"

ನನ್ನ ಕಾಲು ಹೊಸಿಲಲ್ಲೇ ನಿಂತುಬಿಟ್ಟಿತು. ಅದು ಆ ಹೆರಿಗೆ ವಾರ್ಡಿನ ಕನ್ನಡ. ಹನೂರು, ಲೊಕ್ಕನಹಳ್ಳಿ ಕಡೆಯ ಹೆಂಗಸರಿಂದ ಈ ಅಮ್ಮ ಕಿವಿಯಲ್ಲಿ ಕಲಿತದ್ದು. ನಮ್ಮ ಹುಡುಗರೇ ಈಗ ಹಾಗೆ ಮಾತಾಡುವುದಿಲ್ಲ, ಟಿವಿಯಲ್ಲಿ ಬರುವ ಹಾಗೆ ಮಾತಾಡುತ್ತಾರೆ. ಇಲ್ಲಿ, ಈ ಚಳಿಯ ಕಡಲ ಪಕ್ಕದಲ್ಲಿ, ಅವ್ವನ ಕಾಲದ ಮಾತು ಡಬ್ಬಿಯಲ್ಲಿಟ್ಟ ಹಾಗೆ ಕೆಡದೆ ಉಳಿದಿತ್ತು. "ಎಲ್ಲಿ ನೋವು?", "ಉಸ್ರು ಎಳ್ಕೊ", "ಮುಕ್ಕು ತಾಯಿ, ಇನ್ನೊಂದ್ ಸಲ ಮುಕ್ಕು" ಎಂದು ಒಂದೊಂದಾಗಿ ಹೇಳಿ, ತನ್ನ ಕನ್ನಡ ಇಷ್ಟೇ, ಹೆರಿಗೆ ಮುಗಿದರೆ ಕನ್ನಡವೂ ಮುಗಿಯಿತು ಎಂದು ನಕ್ಕರು. ಲಾಡನ್ನು ಕಣ್ಣಿಗೊತ್ತಿಕೊಂಡು ತಿಂದರು. ಯಾರು ಕಲಿಸಿದ್ದೋ.

ಆಮೇಲೆ ಅವರು ಇಂಗ್ಲಿಷಿಗೆ ಬದಲಾದರು. ನಾನು ಬಂದದ್ದು ಯಾಕೆಂದು ಫೋನಿನಲ್ಲೇ ಹೇಳಿದ್ದೆ, ಅವರು ಸುತ್ತು ಬಳಸದೆ ಶುರು ಮಾಡಿದರು.

"ನಾನು ನಿಮ್ಮ ಕಡೆಗೆ ಬಂದು ಒಂದು ಬೇಸಿಗೆಯೂ ಕಳೆದಿರಲಿಲ್ಲ. ಒಂದೇ ದಿನ ಎರಡು ಹೆರಿಗೆ. ಒಬ್ಬಳು ನಿಮ್ಮಮ್ಮ. ಇನ್ನೊಬ್ಬಳನ್ನು ಗೋಪಿನಾಥಂ ಕಡೆಯ ಕಾಡಿನಿಂದ ಗಾಡಿಯಲ್ಲಿ ತಂದಿದ್ದರು. ಇಬ್ಬರಿಗೂ ಹೆಣ್ಣು ಕೂಸು, ಎರಡೂ ತೀರಾ ಸಣ್ಣವು. ಇಬ್ಬರು ತಾಯಂದಿರಿಗೂ ಮೈಮೇಲೆ ಪ್ರಜ್ಞೆ ಇಲ್ಲದಷ್ಟು ಜ್ವರ. ಬೆಚ್ಚಗಿನ ಜಾಗ ಇದ್ದದ್ದು ಒಂದೇ. ಒಂದೇ ಬುಟ್ಟಿಯಲ್ಲಿ ಎರಡನ್ನೂ ಮಲಗಿಸಿ, ಸುತ್ತ ಬಿಸಿನೀರಿನ ಬಾಟಲಿ ಇಟ್ಟೆವು. ಮಾರನೆಯ ದಿನ ಒಂದು ಕೂಸು ಹೋಯಿತು. ಸಂಜೆಗೆ ಕಾಡಿನಿಂದ ಬಂದ ಆ ತಾಯಿಯೂ ಹೋದಳು."

ಮಾರ್ಗರೆಟಮ್ಮ ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಉಳಿದದ್ದು ನಿಮ್ಮಮ್ಮನ ಕೂಸು ಎಂದು ಆಯಾ ರಾಚಮ್ಮ ಹೇಳಿದಳು. ಬಲಗಡೆ ಮಲಗಿಸಿದ್ದು ಅದನ್ನೇ ಎಂದಳು. ನನಗೂ ಹಾಗೆಯೇ ನೆನಪು. ಆದರೆ ನಡುವೆ ಎಷ್ಟೋ ಸಲ ಎತ್ತಿದ್ದೆವು, ಬಟ್ಟೆ ಬದಲಿಸಿದ್ದೆವು."

"ಹಾಗಾದರೆ ನಾನು ನಮ್ಮವ್ವನ ಮಗಳೇ ತಾನೇ?"

"ಆಲ್ಮೋಸ್ಟ್ ಸರ್ಟನ್ಲಿ, ಮೈ ಡಿಯರ್."

ನನಗೆ ಸಿಟ್ಟು ನೆತ್ತಿಗೇರಿತು. ಸಮುದ್ರ ದಾಟಿ ಬಂದವಳಿಗೆ ಆ ಒಂದು ಪದ ಬಿಟ್ಟು ಹೇಳಿದ್ದರೆ ಈ ಅಮ್ಮನ ಗಂಟೇನು ಹೋಗುತ್ತಿತ್ತು? ಪೆಟ್ಟಿಗೆಗೂ ಅದೇ ಮಾತು, ನನಗೂ ಅದೇ ಮಾತು. "ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲಿ ಹೇಳಿ" ಎಂದೆ. ನನ್ನ ದನಿ ಏರಿತ್ತು.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕನ್ನಡದಲ್ಲಿ ನನಗೆ ಆಲ್ಮೋಸ್ಟ್ ಎನ್ನಲು ಬರುವುದಿಲ್ಲ ಮಗ. ವಾರ್ಡಿನಲ್ಲಿ ಯಾರೂ ಆ ಪದ ಆಡುತ್ತಿರಲಿಲ್ಲ. ಅವತ್ತೂ ಅದೇ ಕಷ್ಟ ಆಯಿತು" ಎಂದರು.

ಅವತ್ತು ಎಂದರೆ ಅವ್ವ ಆಸ್ಪತ್ರೆಯಿಂದ ಹೊರಡುವ ದಿನ. ಅವ್ವ ಇವರ ಹತ್ತಿರ ಬಂದು ನನ್ನನ್ನು ಇವರ ಮಡಿಲಿಗೆ ಹಾಕಿ, ಇದು ನಿಂದು, ನೀನೇ ಇಟ್ಟುಕೊ ಎಂದಳಂತೆ. ಪದ್ಧತಿ ಗೊತ್ತಿಲ್ಲದ ಮಾರ್ಗರೆಟಮ್ಮ ಹೆದರಿಬಿಟ್ಟರು. ಬುಟ್ಟಿಯ ವಿಷಯ ಹೇಗೋ ಇವಳ ಕಿವಿಗೆ ಬಿದ್ದಿದೆ, ಅನುಮಾನದಿಂದ ಕೂಸೇ ಬೇಡ ಎನ್ನುತ್ತಿದ್ದಾಳೆ ಎಂದುಕೊಂಡರು. "ನಿಂದೇ, ನಿಂದೇ" ಎಂದು ಕನ್ನಡದಲ್ಲಿ ಕೂಗಿದರು. ಮರುಕ್ಷಣ ಮನಸ್ಸು ಚುಚ್ಚಿತು. ಗೊತ್ತಿರುವುದಕ್ಕಿಂತ ಹೆಚ್ಚು ಹೇಳಿದೆನಲ್ಲ ಎನ್ನಿಸಿ, ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒದರಿದರು. ತಾನು ಹೇಳಿದ್ದನ್ನು ಒಂದೂ ಬಿಡದೆ ಈ ತಾಯಿಗೆ ಹೇಳು ಎಂದು ರಾಚಮ್ಮನನ್ನು ಹಿಡಿದುಕೊಂಡರು. ರಾಚಮ್ಮ ಹೇಳಿದಳು. ಒಂದೇ ಬುಟ್ಟಿ, ಎರಡು ಕೂಸು, ಎತ್ತಿದ್ದು, ಮಲಗಿಸಿದ್ದು, ಎಲ್ಲ.

"ಅವ್ವ ಏನಂದಳು?"

ಮಾರ್ಗರೆಟಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ ಕನ್ನಡದಲ್ಲಿ, ಅವ್ವನ ರಾಗದಲ್ಲೇ ಹೇಳಿದರು.

"ಸೆರಗಿನ ಗಂಟು ಬಿಚ್ಚುದ್ಲು. ತೌಡು. ನನ್ನ ಕೈಗೆ ಸುರ್ದು ಅಂದ್ಲು: 'ತಕಳವ್ವ. ಆ ತಾಯಿದಾಗಿದ್ರೂ ಈಗ ನಂದೇ.'"

ಅವ್ವ ಸತ್ತ ದಿನ ಬಾರದ ಅಳು ಅಲ್ಲಿ ಬಂತು. ಅವ್ವ ಏನೂ ತಿಳಿಯದೆ ನಗುತ್ತಿದ್ದಳು ಎಂದು ನಾನು ಅಂದುಕೊಂಡಿದ್ದೆ. ಅವಳಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತು. ಆ ಚೂರು ಅನುಮಾನವನ್ನು ನನ್ನ ಕೈಗೆ ಒಂದು ದಿನವೂ ಕೊಡದೆ, ತಾನೇ ಇಟ್ಟುಕೊಂಡು, ನನ್ನ ತಲೆ ಬಾಚಿದ್ದಳು, ನನಗೆ ಸೊಪ್ಪು ಬಿಡಿಸುವುದು ಕಲಿಸಿದ್ದಳು, ಊರವರ ಮುಂದೆ ತೌಡಿ ತೌಡಿ ಎಂದು ಕರೆದಿದ್ದಳು. ಮಾರ್ಗರೆಟಮ್ಮ ನನ್ನ ಬೆನ್ನು ಸವರುತ್ತಾ, "ಅಳು ಮಗ, ಚೆನ್ನಾಗ್ ಅಳು" ಎಂದರು. ಇವರಿಗೆ ಬೇರೆ ಸಮಾಧಾನದ ಮಾತು ಕನ್ನಡದಲ್ಲಿ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೊರಡುವಾಗ ಅವರು ಮತ್ತೆ ಇಂಗ್ಲಿಷಿನಲ್ಲಿ, "ನಿನಗೆ ಬೇಕಾದ ಉತ್ತರ ಕೊಡಲು ಆಗಲಿಲ್ಲ, ಕ್ಷಮಿಸು" ಎಂದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಎಷ್ಟಾದರೂ ಒಂದು ಗಳಿಗೆ ನಾನು ಅವರ ಮಗಳೂ ಆಗಿದ್ದೆನಲ್ಲ.

ಕಡಲ ದಂಡೆ

ಕೊನೆಯ ದಿನ ಜಾನೆಟ್ ಹೇಳಿದ ಬಿಸಿಲು ಬಂತು. ಕಡಲಿನ ಎದುರು ಬೆಂಚುಗಳಲ್ಲಿ ಮುದುಕ ಮುದುಕಿಯರು ಕೋಟು ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದರು. ನಾನೂ ಒಂದು ಕಡೆ ಕೂತು ಚಿಕ್ಕವ್ವನಿಗೆ ಫೋನು ಮಾಡಿದೆ. ನಾನು ಬಂದಿರುವುದು ಯಾಕೆಂದು ಅವಳಿಗೆ ರಾಚಮ್ಮನ ಮಗಳಿಂದ ಆಗಲೇ ತಿಳಿದಿತ್ತು. ನಾನು ಹಲೋ ಎನ್ನುವ ಮೊದಲೇ ಅವಳು ಶುರು ಮಾಡಿದಳು.

"ನಾನಂದಿದ್ದ ಇಷ್ಟ್ ದೊಡ್ದು ಮಾಡ್ಕಂಡು ಅಷ್ಟ್ ದೂರ ಓದ್ಯಾ ಮಗ? ನೀ ಅಳ್ದೆ ನಿಂತಿದ್ಯಲ್ಲ, ಒಟ್ಟೆ ಉರ್ದೋಯ್ತು, ಬಾಯಿಗ್ ಬಂದಿದ್ದ ಅಂದ್ಬುಟ್ಟೆ. ಅವತ್ತಿಂದ ನಂಗೂ ಅನ್ನ ಇಳೀನಿಲ್ಲ ಕಣವ್ವ."

"ಇರ್ಲಿ ಬಿಡು ಚಿಕ್ಕವ್ವ."

"ಏನಂದ್ಲು ಆ ಸಿಸ್ಟ್ರಮ್ಮ?"

ಅನುವಾದ ಮಾಡುವಾಗ ಒಂದು ಪದವನ್ನೂ ನುಂಗಬಾರದು ಎಂದು ಮಕ್ಕಳಿಗೆ ಗದರುತ್ತಿದ್ದ ಮೇಷ್ಟ್ರಮ್ಮ ನಾನು. ಮಾರ್ಗರೆಟಮ್ಮನ ಎರಡು ಪದಗಳೂ ನಾಲಿಗೆಯ ಮೇಲೇ ಇದ್ದವು.

"ನಾನು ಅವ್ವನ ಮಗಳು ಅಂದ್ರು."

ಆ ಕಡೆಯಿಂದ ಮೂಗು ಸೊರಗುಟ್ಟುವ ಸದ್ದು ಕೇಳಿತು.

"ಗ್ಯಾರಂಟಿಯಾ ಮಗ?"

ಇಂಗ್ಲೆಂಡಿನಲ್ಲಿ ಅಷ್ಟು ದಿನ ಇದ್ದೆ, ಆ ಇಂಗ್ಲಿಷ್ ಪದವನ್ನು ಅಲ್ಲಿ ಒಬ್ಬರ ಬಾಯಲ್ಲೂ ಕೇಳಿರಲಿಲ್ಲ.

"ಗ್ಯಾರಂಟಿ ಚಿಕ್ಕವ್ವ" ಎಂದೆ.